ಕರಿಮೂತಿಗೆ ಒಯ್ದ ಸುತ್ತಿಗೆ

ಐವತ್ತನೆಯ ಇಸವಿಯ ಸಂಕ್ರಾಂತಿ ಮುಗಿದ ಮೂರನೆಯ ದಿನ ನಾನು ನಮ್ಮೂರು ಕಲ್ಯಾಣಿಯಿಂದ ಹೊರಟೆ. ಶಿವಪ್ಪ ಸಮುದ್ರ ನೋಡಲು ಹೊರಟಿದ್ದಾನೆ ಎಂದು ಓಣಿಯವರು ನಕ್ಕರು. ಸಮುದ್ರ ನೋಡುವ ಹುಚ್ಚು ನನಗೆ ಎಂದೂ ಇರಲಿಲ್ಲ. ಕಲ್ಲು ಕಡಿದು ಉಣ್ಣುವವನಿಗೆ ಅಷ್ಟೊಂದು ನೀರು ಯಾತಕ್ಕೆ? ನನ್ನ ಗಂಟಿನಲ್ಲಿ ಎಂಟು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಧೋತರ ಮತ್ತು ಇಮಾಮಸಾಬನ ಸುತ್ತಿಗೆ ಇದ್ದವು. ಆ ಸುತ್ತಿಗೆಗಾಗಿಯೇ ಹೊರಟಿದ್ದೆ.

ನಮ್ಮ ಕಸುಬು ತಿಳಿಯದವರಿಗೆ ಒಂದು ಮಾತು ಹೇಳಬೇಕು. ದೊಡ್ಡ ಕಲ್ಲನ್ನು ಒಬ್ಬನೇ ಸೀಳಲಾರ. ಒಬ್ಬನು ಚಾಣವನ್ನು, ಅಂದರೆ ಉಳಿಯನ್ನು, ಬರಿಗೈಯಲ್ಲಿ ಹಿಡಿದು ಕೂರಬೇಕು; ಇನ್ನೊಬ್ಬನು ನಿಂತು ಸುತ್ತಿಗೆ ಬೀಸಬೇಕು. ಹಿಡಿಯುವವನು ನಾನು, ಹೊಡೆಯುವವನು ಇಮಾಮಸಾಬ. ಮೋರಖಂಡಿ ಹಾದಿಯ ಗಣಿಯಲ್ಲಿ ಹದಿನೈದು ವರ್ಷ ಹೀಗೆ ದುಡಿದೆವು. ನಮ್ಮ ಓಣಿಯ ಕಲ್ಲುಕುಟಿಗರಲ್ಲಿ ಒಂದು ರೂಢಿಯಿದೆ. ಹೊಡೆಯುವವನು ಊರು ಬಿಟ್ಟರೆ ತನ್ನ ಸುತ್ತಿಗೆಯನ್ನು ಹಿಡಿಯುವವನ ಮನೆಯ ಗೂಟಕ್ಕೆ ಹಾಕಿ ಹೋಗುತ್ತಾನೆ. ಅದು ಅಲ್ಲಿರುವ ತನಕ ಜೋಡಿ ಮುರಿದಿಲ್ಲ. ಇಬ್ಬರೂ ಬೇರೆಯವರ ಜೊತೆ ಜೋಡಿ ಕಟ್ಟುವಂತಿಲ್ಲ. ಹಿಡಿಯುವವನು ತಾನೇ ಹೋಗಿ ಆ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟನೆಂದರೆ ಅಲ್ಲಿಗೆ ಜೋಡಿ ತೀರಿತು.

ನಲವತ್ತೆಂಟರ ಗದ್ದಲದಲ್ಲಿ ಇಮಾಮಸಾಬ ಊರು ಬಿಟ್ಟ. ಮೊದಲು ರಜಾಕಾರರ ಕಾಟ, ಸೈನ್ಯ ಬಂದ ಮೇಲೆ ರಜಾಕಾರರ ಮೇಲಿನ ಸೇಡನ್ನು ಊರ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ಯಾರ ಗೊಡವೆಗೂ ಹೋಗದ ಇಮಾಮಸಾಬ ಎರಡು ದಿನ ನಮ್ಮ ಮನೆಯ ಕಣಕಿ ಕೋಣೆಯಲ್ಲಿ, ದನದ ಒಣ ಮೇವಿನ ನಡುವೆ, ಅಡಗಿದ್ದ. ಮೂರನೆಯ ದಿನ ಯಾರೋ ನಮ್ಮ ಬಾಗಿಲ ಕಡೆ ನೋಡುತ್ತ ಹೋದರೆಂದು ಹೆಂಡತಿ ಹೇಳಿದಳು. ನಾನು ಒಳಗೆ ಹೋಗಿ, ಇನ್ನು ನೀನು ಹೋಗುವುದು ಒಳ್ಳೆಯದು ಎಂದೆ. ಅವನು ಸುತ್ತಿಗೆಯನ್ನು ಗೂಟಕ್ಕೆ ಹಾಕಿ ಮುಸ್ಸಂಜೆಗೆ ಹೊರಟುಹೋದ. ವರ್ಷ ಕಳೆದ ಮೇಲೆ ಒಂದು ಕಾರ್ಡು ಬಂತು. ಅಂಕೋಲೆಯ ಆಚೆ ಕರಿಮೂತಿ ಎಂಬ ಕಡೆ, ಸಮುದ್ರದೊಳಗೆ ಚಾಚಿದ ಗುಡ್ಡದ ಮೇಲೆ, ದೀಪದ ಗೋಪುರಕ್ಕೆ ಕಲ್ಲು ಕಡಿಯುತ್ತಿದ್ದೇನೆ, ಸುಖವಾಗಿದ್ದೇನೆ ಎಂದು ಉರ್ದುವಿನಲ್ಲಿ ಎರಡೇ ಸಾಲು.

ಅಷ್ಟರಲ್ಲಿ ಹುಮನಾಬಾದಿನಲ್ಲಿ ಹೊಸ ಪೇಟೆಯ ಕಟ್ಟೆಗಳ ಕೆಲಸ ಬಂದಿತ್ತು. ಮೇಸ್ತ್ರಿಗೆ ಜೋಡಿಯೇ ಬೇಕು, ಒಂಟಿ ಆಳು ಬೇಡ. ಹೋಳಿಯೊಳಗೆ ಹೇಳಬೇಕೆಂದು ಗಡುವು ಕೊಟ್ಟಿದ್ದ. ಇಮಾಮಸಾಬನನ್ನು ಕರೆತರಬೇಕು, ಇಲ್ಲವೇ ಸುತ್ತಿಗೆ ಕೊಟ್ಟು ಬಿಡುಗಡೆ ಪಡೆಯಬೇಕು. ಒಂದೂವರೆ ವರ್ಷ ಕಲ್ಲಿನ ಮುಂದೆ ಒಬ್ಬನೇ ಕೂತು ನನಗೂ ಸಾಕಾಗಿತ್ತು.

ಹುಮನಾಬಾದಿನ ತನಕ ತೊಗರಿ ಹೇರಿದ ಗಾಡಿಯಲ್ಲಿ ಹೋದೆ. ಅಲ್ಲಿಂದ ಗುಲಬರ್ಗಾಕ್ಕೆ ಮೋಟಾರು, ದರ ಒಂದೂಕಾಲು ರೂಪಾಯಿ. ದಾರಿಯುದ್ದ ಕೆಂಪು ಧೂಳು ತಿಂದದ್ದು ಪುಕ್ಕಟೆ. ಹಾಲಿ ಎಂಬ ನಮ್ಮ ಸೀಮೆಯ ನಾಣ್ಯ ಗಡಿಯ ಆಚೆ ನಡೆಯುವುದಿಲ್ಲವೆಂದು ಅಲ್ಲೇ ಬದಲಾಯಿಸಿಕೊಂಡೆ. ರೈಲು ಹತ್ತಿ, ಹೊಟಗಿಯಲ್ಲಿ ಗಾಡಿ ಬದಲಿಸಿ ಮರುದಿನ ಹುಬ್ಬಳ್ಳಿ ಮುಟ್ಟಿದೆ. ಡಬ್ಬಿಯ ತುಂಬ ಜನ, ಎಲ್ಲರ ಜೊತೆಗೂ ಯಾರಾದರೂ ಒಬ್ಬರಿದ್ದರು. ರೊಟ್ಟಿ ಬಿಚ್ಚಿದಾಗ ಅರ್ಧ ಮುರಿದು ಪಕ್ಕಕ್ಕಿಟ್ಟೆ. ಗಣಿಯಲ್ಲಿ ಹಾಗೆ ಇಡುವುದು ಅಭ್ಯಾಸ. ತಿನ್ನುವವರು ಯಾರೂ ಇಲ್ಲದೆ ಆ ಅರ್ಧವನ್ನೂ ನಾನೇ ತಿಂದೆ.

ಹುಬ್ಬಳ್ಳಿಯಿಂದ ಯಲ್ಲಾಪುರದ ಕಾಡಿನ ಮೂಲಕ ಬಸ್ಸು ಇಳಿಯಿತು. ಅಷ್ಟು ಮರಗಳನ್ನು ಒಟ್ಟಿಗೆ ನೋಡಿ ನನಗೆ ಉಸಿರು ಕಟ್ಟಿದಂತಾಯಿತು. ಬಯಲಿನಲ್ಲಿ ಬೆಳೆದ ಕಣ್ಣಿಗೆ ದೂರ ಕಾಣದಿದ್ದರೆ ತಳಮಳ. ಅಂಕೋಲೆಯಲ್ಲಿ ಇಳಿದು, ಒಂದು ಹೊಳೆಯನ್ನು ದೋಣಿಯಲ್ಲಿ ದಾಟಿ, ಏಳು ಮೈಲಿ ನಡೆದೆ. ಸೆಕೆ ಎಂದರೆ ಸೆಕೆ. ಸಂಕ್ರಾಂತಿಯ ಕಾಲದಲ್ಲೂ ಅಂಗಿ ಹಿಂಡಿದರೆ ನೀರು ಬರುತ್ತಿತ್ತು. ಹೊತ್ತು ಮುಳುಗುವಾಗ ದಂಡೆಯ ಹಳ್ಳಿ ಸಿಕ್ಕಿತು. ಅಲ್ಲಿ ಅವಲಕ್ಕಿ ಮಾರುವ ಮುದುಕಿಯೊಬ್ಬಳು ಜಗಲಿಯಲ್ಲಿ ಮಲಗಲು ಚಾಪೆ ಕೊಟ್ಟಳು. ಮೀನಿನ ಸಾರು ನಾನು ಒಲ್ಲೆನೆಂದಾಗ ಪಾಪ ಎಂಬಂತೆ ನೋಡಿ ಮಜ್ಜಿಗೆ ಅನ್ನ ಬಡಿಸಿದಳು. ಕರಿಮೂತಿಗೆ ಬೆಳಕು ಹರಿಯುತ್ತಲೇ ದಾಟಿಬಿಡಿ, ತಡ ಮಾಡಬೇಡಿ ಎಂದಳು. ಬಿಸಿಲೇರುತ್ತದೆಂದು ಹೇಳುತ್ತಿದ್ದಾಳೆ ಎಂದುಕೊಂಡು ನಾನು ಮುಂದೆ ಕೇಳಲಿಲ್ಲ.

ಬೆಳಗ್ಗೆ ನೋಡಿದೆ. ಸಮುದ್ರ ಬಹಳ ಹಿಂದೆ ಸರಿದಿತ್ತು. ಹಳ್ಳಿಗೂ ಗುಡ್ಡಕ್ಕೂ ನಡುವೆ ಎರಡು ಫರ್ಲಾಂಗು ಅಗಲದ ಒದ್ದೆ ಮರಳು, ಅಲ್ಲಲ್ಲಿ ಕರಿ ಬಂಡೆ, ಬಂಡೆಯ ಸುತ್ತ ಸಿಂಪಿ ಹೆಕ್ಕುವ ಹೆಂಗಸರು. ಆಚೆ ಕರಿಮೂತಿ ನಿಂತಿತ್ತು. ತಲೆಯ ಮೇಲೆ ನಮ್ಮ ಹುಮನಾಬಾದಿನ ಕಡೆಯದೇ ಕೆಂಪು ಮುರಕಲ್ಲು, ಕೆಳಗೆ ಸೀಳು ಬಿಟ್ಟ ಕರಿಗಲ್ಲು. ಅದರ ಆಚೆ ಬದಿಯ ಬುಡಕ್ಕೆ ತೆರೆಗಳು ಬಂದು ಬಡಿದು ಬಿಳಿಯಾಗಿ ಏಳುತ್ತಿದ್ದವು.  ಇಷ್ಟು ದೂರ ಬಂದು ಇಮಾಮಸಾಬ ನಮ್ಮೂರ ಕಲ್ಲಿನ ಮೇಲೆಯೇ ಕೂತಿದ್ದಾನಲ್ಲ ಎನಿಸಿತು.

ಅರ್ಧ ದಾಟಿದ ಮೇಲೆ ಕಾಲು ನಿಂತವು. ಸುತ್ತಿಗೆ ಹಿಡಿದೇ ಹೋದರೆ, ಗಂಟಿನಿಂದ ಇಣುಕುವ ಹಿಡಿ ನೋಡಿ, ಜೋಡಿ ಮುರಿಯಲು ಬಂದೆನೆಂದು ಅವನು ದೂರದಿಂದಲೇ ಅರ್ಥ ಮಾಡಿಕೊಳ್ಳುತ್ತಾನೆ. ಕರೆಯಲು ಬಂದ ಮಾತು ಬಾಯಲ್ಲೇ ಉಳಿಯುತ್ತದೆ. ಮೊದಲು ಕೇಳಬೇಕು, ಆಮೇಲೆ ಸುತ್ತಿಗೆ. ಹೀಗೆಂದುಕೊಂಡು ನಡುವಿನ ಒಂದು ಚಪ್ಪಟೆ ಬಂಡೆಯ ಮೇಲೆ ಗಂಟನ್ನು ಇಟ್ಟೆ. ನಮ್ಮ ಕಲ್ಯಾಣಿಯ ಕೆರೆ ಬೇಸಿಗೆಗೆ ಬತ್ತಿದರೆ ಮತ್ತೆ ನೀರು ಬರುವುದು ಮೃಗಶಿರದ ಮಳೆಗೇ. ಅಲ್ಲಿಯ ತನಕ ಕೆರೆಯಂಗಳದಲ್ಲಿ ಬುತ್ತಿ ಇಟ್ಟು ಹೋದರೆ ಯಾರೂ ಮುಟ್ಟುವುದಿಲ್ಲ. ಸರಿದ ನೀರು ಅದೇ ದಿನ ತಿರುಗಿ ಬರುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಗುಡ್ಡದ ಮೇಲೆ ಒಂದೂ ಮರವಿರಲಿಲ್ಲ. ಗಾಳಿ ಅಂಗಿಯನ್ನು ಹರಿಯುವಂತೆ ಬೀಸುತ್ತಿತ್ತು. ಅಂದು ಸಂತೆಯ ದಿನವಾದ್ದರಿಂದ ಕೆಲಸದವರೆಲ್ಲ ಹೋಗಿ, ಸೋಗೆಯ ಗುಡಿಸಲ ಮುಂದೆ ಇಮಾಮಸಾಬ ಒಬ್ಬನೇ ಇದ್ದ. ಗಡ್ಡ ನೆರೆತಿತ್ತು. ನನ್ನನ್ನು ನೋಡಿ ಎದ್ದು, ಬಂದು ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದ. ಮೆದುವಾಗ್ಯಾವಲ್ಲೋ ಎಂದ. ಇಬ್ಬರೂ ನಕ್ಕೆವು, ಆಮೇಲೆ ನನಗೆ ಅಳು ಬಂತು.

ಅವನು ಚಹಾ ಕಾಸಿದ. ಇಲ್ಲಿ ಜೋಡಿ ಎಂಬುದಿಲ್ಲ, ದಿನಕ್ಕೊಬ್ಬ ಕೂರುತ್ತಾನೆ, ಚಾಣವನ್ನು ಇಕ್ಕಳದಲ್ಲಿ ಹಿಡಿಯುತ್ತಾರೆ, ಕೈಯಲ್ಲಿ ಹಿಡಿಯಲು ಅಂಜುತ್ತಾರೆ, ಅದಕ್ಕೇ ಕಲ್ಲು ಓರೆಯಾಗಿ ಸೀಳುತ್ತದೆ ಎಂದು ದೂರಿದ. ಎದುರಿಗೆ ಅಂಥದೇ ಒಂದು ಕಲ್ಲು ಬಿದ್ದಿತ್ತು. ನಾನು ಕೂತು ಚಾಣ ಹಿಡಿದೆ. ಅವನು ಸರಕಾರದ ಸುತ್ತಿಗೆ ಎತ್ತಿದ. ಒಂದು ಮಾತೂ ಬೇಕಾಗಲಿಲ್ಲ. ಹೊತ್ತು ನೆತ್ತಿಗೇರುವ ತನಕ ಹೊಡೆದೆವು; ಮೂರು ಕಲ್ಲು ಗೆರೆ ಎಳೆದಂತೆ ಸೀಳಿದವು. ಒಂದೂವರೆ ವರ್ಷದಲ್ಲಿ ಅಷ್ಟು ಸುಖ ನನಗೆ ಸಿಕ್ಕಿರಲಿಲ್ಲ. ಆ ಸುಖದ ಮೇಲೆಯೇ ಧೈರ್ಯ ಮಾಡಿ, ಊರಿಗೆ ನಡಿ, ಹುಮನಾಬಾದಿನಲ್ಲಿ ಕೆಲಸವಿದೆ ಎಂದೆ.

ಅವನು ಸುತ್ತಿಗೆ ಕೆಳಗಿಟ್ಟ.

“ಬರೂದಿಲ್ಲ ಶಿವಪ್ಪ. ಇಲ್ಲಿ ಮಲಗಿದ್ರ ನಿದ್ದಿ ಬರ್ತದ. ಅಲ್ಲಿ ಬಂದ್ರ ಬಾಗಲಾ ಯಾರ ಬಡದ್ರೂ ಎದ್ದು ಕುಂದರತೇನಿ.”

“ಆವತ್ತ ಹೋಗು ಅಂದಾಂವ ನಾನ,” ಎಂದೆ. ಈ ಮಾತನ್ನು ಹೇಳಲೆಂದೇ ಅಷ್ಟು ದೂರ ಬಂದಿದ್ದೆನೆಂದು ಆಗ ತಿಳಿಯಿತು.

“ಅಂದಿ. ನಾ ಸಿಟ್ಟಾಗಿಲ್ಲ. ಹದಿನೈದು ವರ್ಷ ಹೊಡದೇನಿ, ನಿನ್ನ ಕೈ ಒಂದಿನ ಕದಲಲಿಲ್ಲ. ಆವತ್ತ ಕಣಕಿ ಕೋಣಿ ಬಾಗಲಾ ಹಿಡದಿದ್ದಿ ನೋಡು, ಆ ಕೈ ನಡಗಾಕತ್ತಿತ್ತು. ನಡಗೂ ಕೈಮ್ಯಾಲ ಯಾರೂ ಹೊಡೀಬಾರ್ದು. ಅದಕ್ಕ ಹೋದೆ.”

 ನಾಚಿಕೆಯಾಯಿತು, ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಸುತ್ತಿಗೆ ತಂದಿದ್ದೇನೆ ಎಂದು ನೆಲ ನೋಡುತ್ತ ಹೇಳಿದೆ. ಅವನ ಮುಖ ಸಣ್ಣದಾಯಿತು. ಎಲ್ಲಿ ಎಂದ. ಎದ್ದು ತೋರಿಸಲು ಹೋದರೆ ನಾನು ನಡೆದು ಬಂದ ಮರಳೇ ಇರಲಿಲ್ಲ. ಹಳ್ಳಿಯ ತೆಂಗಿನ ಸಾಲಿನ ತನಕ ಬರೀ ನೀರು ಅಲುಗುತ್ತಿತ್ತು.

ಇಮಾಮಸಾಬ ನನ್ನ ಮುಖ ನೋಡಿ ನಗು ತಡೆದುಕೊಂಡ. ತಾನೂ ಬಂದ ಹೊಸದರಲ್ಲಿ ಕಂಬಳಿ ಕಳೆದುಕೊಂಡಿದ್ದನಂತೆ. ನಮ್ಮ ಕಡೆಯವರೇ ಹೀಗೆ ಎಂದ. ಸಂಜೆಗೆ ನೀರು ಇಳಿಯುತ್ತದೆ, ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಿದ. ಉಳಿದ ಹೊತ್ತೆಲ್ಲ ಗುಡ್ಡದ ತುದಿಯಲ್ಲಿ ಕೂತೆವು. ಮುಂದೆ ನೆಲವೇ ಇಲ್ಲ.  ಪಕ್ಕದಲ್ಲೇ ಅವನಿದ್ದರೂ ರೈಲಿನಲ್ಲಿ ಇದ್ದುದಕ್ಕಿಂತ ಹೆಚ್ಚು ಒಂಟಿಯೆನಿಸಿತು.

ಹೊತ್ತಿಳಿಯುವಾಗ ಮರಳು ಮತ್ತೆ ಮೇಲೆದ್ದಿತು. ರೊಟ್ಟಿ, ಧೋತರ ಹೋಗಿದ್ದವು. ಬಂಡೆಯ ಸೀಳಿನಲ್ಲಿ ಸುತ್ತಿಗೆ ಸಿಕ್ಕಿಕೊಂಡಿದ್ದುದನ್ನು ಮೊದಲು ಕಂಡವನು ಇಮಾಮಸಾಬ. ಬಗ್ಗಿದ. ಕೈ ಚಾಚಿ, ಹಿಡಿಯ ಹತ್ತಿರ ತಂದು, ಹಿಂದಕ್ಕೆ ತೆಗೆದುಕೊಂಡ.

“ನೀನ ಎತ್ತಿಕೋ,” ಎಂದ. “ನನ್ನ ಕೈಗೆ ಕೊಡಬ್ಯಾಡ. ಗೂಟಕ್ಕ ಇರಲಿ.”

ನಾನು ಎತ್ತಿಕೊಂಡೆ. ಹಳ್ಳಿಯ ದಂಡೆಯ ತನಕ ಬಂದು ಅವನು ತಿರುಗಿದ. ನೀರು ಬರುವ ಮೊದಲು ಅವನು ದಾಟಬೇಕಿತ್ತು. ಕತ್ತಲಾಗುವ ಮುನ್ನ ಒಮ್ಮೆ ನೋಡಿದೆ. ಗುಡ್ಡದ ಮೇಲೆ ಗುಡಿಸಲು ಕಂಡಿತು, ಅವನು ಕಾಣಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಬಿಜಾಪುರ ಬರುವಷ್ಟರಲ್ಲಿ ಸುತ್ತಿಗೆಗೆ ತುಕ್ಕು ಹಿಡಿದಿತ್ತು. ಹುಮನಾಬಾದಿನಲ್ಲಿ ಇಳಿದು ಮೇಸ್ತ್ರಿಗೆ, ನನಗೆ ಜೋಡಿ ಇದ್ದಾನೆ, ಆದರೆ ಬರುವುದಿಲ್ಲ ಎಂದೆ. ಅವನು ಬೇರೆಯವರನ್ನು ನೋಡಿಕೊಂಡ. ಮನೆಗೆ ಬಂದು ಎಣ್ಣೆ ಹಚ್ಚಿ ಸುತ್ತಿಗೆಯನ್ನು ಅದೇ ಗೂಟಕ್ಕೆ ಹಾಕಿದೆ. ಈಗ ಬೀಸುಕಲ್ಲು, ಒರಳು, ಒಬ್ಬನೇ ಮಾಡುವ ಸಣ್ಣ ಕೆಲಸ ಮಾಡುತ್ತೇನೆ, ಹೊಟ್ಟೆಗೆ ಸಾಕು. ಆದರೂ ಒಮ್ಮೊಮ್ಮೆ ಚಾಣವನ್ನು ಕಲ್ಲಿನ ಮೇಲಿಟ್ಟು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೇಲಿಂದ ಬೀಳಬೇಕಾದ ಪೆಟ್ಟನ್ನು ಕಾಯುತ್ತ ಕೂತಿರುತ್ತೇನೆ. ಕೈ ಕದಲುವುದಿಲ್ಲ.