ಜೋಳ ಹೊಸ್ತಿಲಿಗೆ ಬಂತಾ?

ಪರದೆ ಅಕ್ಕನಿಗೆ ತಲೆ ಕೆಟ್ಟಿದೆ ಅಂತ ಬೀದಿಯಲ್ಲಿ ಗುಸುಗುಸು ಶುರುವಾಗಿದ್ದು ಮೂರನೇ ಪಾತ್ರೆ ಸೀದುಹೋದ ಮೇಲೆ. ಒಂದು ಪಾತ್ರೆ ಯಾರ ಮನೆಯಲ್ಲಾದರೂ ಸೀಯುತ್ತದೆ ಬಿಡಿ. ಎರಡನೆಯದಕ್ಕೂ ಏನೋ ಒಂದು ನೆಪ ಹುಡುಕಬಹುದು. ಆದರೆ ಎರಡೇ ತಿಂಗಳಲ್ಲಿ, ಅದೇ ಒಲೆಯ ಮೇಲೆ, ಅದೇ ಮುಸುಕಿನ ಜೋಳ ಬೇಯಿಸೋಕೆ ಹೋಗಿ ಮೂರು ಪಾತ್ರೆ ಇದ್ದಿಲಾದರೆ ಜನರ ಬಾಯಿಗೆ ಬೀಗ ಹಾಕುವವರು ಯಾರು? ಕೆಳಗಡೆ ಬೀಗದ ಅಂಗಡಿ ಇಟ್ಟುಕೊಂಡವನಿಂದಲೂ ಅದು ಆಗಲಿಲ್ಲ.

ಅವಳು ಇದ್ದದ್ದು ಆ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವಳಲ್ಲ. ಮೂವತ್ತೈದು ವರ್ಷದಿಂದ ಊರವರ ಕಿಟಕಿಗಳಿಗೆ ಪರದೆ ಹೊಲಿದೇ ಬದುಕಿದವಳು. ಮುಂದಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ. ತೊಡೆಯ ಮೇಲೆ ಮಾರುಗಟ್ಟಲೆ ಬಟ್ಟೆ ಹರಡಿಕೊಂಡು ಅಂಚು ಮಡಚುತ್ತಾ ಕೂತಳೆಂದರೆ ಅವಳು ಅಲ್ಲಿ ಇರುತ್ತಲೇ ಇರಲಿಲ್ಲ. ಆ ಪರದೆ ತೂಗುವ ಮನೆಗೆ ಹೋಗಿಬಿಡುತ್ತಿದ್ದಳು. ಬೆಳಿಗ್ಗೆ ಅದನ್ನು ಸರಿಸುವ ಕೈ ಯಾರದು, ಅದರ ಹಿಂದೆ ಬಚ್ಚಿಟ್ಟುಕೊಂಡು ಕಾಲ್ಬೆರಳು ಮಾತ್ರ ತೋರಿಸುವ ಮಗು ಯಾವುದು, ಮಧ್ಯಾಹ್ನದ ಬಿಸಿಲು ಈ ನೀಲಿಯೊಳಗಿಂದ ಇಳಿದರೆ ನೆಲ ಯಾವ ಬಣ್ಣ ಆದೀತು, ಎಲ್ಲಾ ನೋಡಿಕೊಂಡು ನಿಧಾನವಾಗಿ ವಾಪಸು ಬರುತ್ತಿದ್ದಳು. ಕೂತಲ್ಲೇ ಊರು ಸುತ್ತುವವಳು ಅಂತ ತಮ್ಮ ಆಡಿಕೊಳ್ಳುತ್ತಿದ್ದ. ಸುತ್ತಲಿ, ಯಾರಪ್ಪನ ಗಂಟು ಹೋಯಿತು? ಅಳತೆಯಲ್ಲಿ ಒಂದು ಬೆರಳಷ್ಟೂ ತಪ್ಪಿದವಳಲ್ಲ.

ಇನ್ನು ಅಕ್ಕ-ತಮ್ಮ ಬೆಳೆದ ಮನೆಯ ಜೋಳದ ಕಟ್ಟಳೆ ಹೇಳಬೇಕು, ಇಲ್ಲದಿದ್ದರೆ ಈ ಕತೆ ಬಾಲವಿಲ್ಲದ ಗಾಳಿಪಟ. ಅವರಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಮನೆಯಲ್ಲಿ ಗಡಿಯಾರ ಇರಲಿಲ್ಲ, ಮಕ್ಕಳು ಒಲೆಯ ಹತ್ತಿರ ಸುಳಿಯುವ ಹಾಗಿರಲಿಲ್ಲ. ಜೋಳ ಒಲೆಗೇರಿಸಿದರೆ ಅಮ್ಮ ಇಬ್ಬರನ್ನೂ ಬೀದಿಬಾಗಿಲ ಹೊಸ್ತಿಲ ಮೇಲೆ ಕೂರಿಸುತ್ತಿದ್ದಳು. "ವಾಸನೆ ಇಲ್ಲಿಗೆ ಬಂದಾಗ ಕೂಗಿ" ಅನ್ನುತ್ತಿದ್ದಳು. ಅಡುಗೆಮನೆಯಿಂದ ಹೊರಟ ವಾಸನೆ ನಡುಮನೆ ದಾಟಿ ಹೊಸ್ತಿಲಿಗೆ ಬರುವಷ್ಟರಲ್ಲಿ ಕಾಳು ಹದವಾಗಿ ಬೆಂದಿರುತ್ತಿತ್ತು. ಒಳಗಿಂದ ಅಮ್ಮ, "ಜೋಳ ಹೊಸ್ತಿಲಿಗೆ ಬಂತಾ?" ಅಂತ ಕೇಳುವುದು, ಇವರು "ಬಂತು" ಅಂತ ಕಿರುಚುವುದು. ಅಮ್ಮ ಹೋಗಿ ಎಷ್ಟೋ ವರ್ಷವಾದರೂ ಪರದೆ ಅಕ್ಕ ಜೋಳ ಬೇಯಿಸುವುದು ಮೂಗಿನಿಂದಲೇ. ಒಲೆಗಿಟ್ಟು ಬಂದು ಯಂತ್ರದ ಮುಂದೆ ಕೂರುವುದು. ಯಾವ ಊರು ಸುತ್ತುತ್ತಿದ್ದರೂ ವಾಸನೆ ಬಂದು ಕೈಹಿಡಿದು ಮನೆಗೆ ಕರೆತರುತ್ತಿತ್ತು.

ಎರಡು ತಿಂಗಳ ಹಿಂದೆ ಅವಳಿಗೆ ಜ್ವರ ಬಂತು. ನೆಗಡಿ, ಮೈಕೈ ನೋವು, ಹತ್ತು ದಿನ ಹಾಸಿಗೆ. ಮೂಗಿರೋ ತನಕ ನೆಗಡಿ ತಪ್ಪಿದ್ದಲ್ಲ ಅಂತ ಎದ್ದು ಕೂತಳು. ಎದ್ದ ಮೇಲೆ ಶುರುವಾಯಿತು ನೋಡಿ, ಈಗಿನ ಜೋಳಕ್ಕೆ ವಾಸನೆಯೇ ಇಲ್ಲ, ಈಗಿನ ಸೋಪಿಗೆ ಘಮ ಇಲ್ಲ, ಈಗಿನ ಕಾಫಿಪುಡಿ ಬರೀ ಮಣ್ಣು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮೂರನೇ ಸಲ ಸೀದ ನಾತ ಮೆಟ್ಟಿಲಿಳಿದು ಅಂಗಡಿಗೇ ಬಂದಾಗ ಬೀಗದವನು ಏದುಸಿರು ಬಿಡುತ್ತಾ ಮೇಲೆ ಓಡಿದ. ಅಡುಗೆಮನೆ ತುಂಬ ಹೊಗೆ, ಇವಳು ಮುಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಹಸಿರು ಬಟ್ಟೆಗೆ ಅಂಚು ಹಾಕುತ್ತಾ ಕೂತಿದ್ದಾಳೆ.

"ಅಕ್ಕಾ, ಸೀದ ವಾಸನೆ ಬೀದಿಗೆಲ್ಲಾ ಬಡೀತಿದೆ, ನಿಮಗೆ ಗೊತ್ತಾಗಲಿಲ್ವಾ?"

"ಏನೋ ಯೋಚನೆಯಲ್ಲಿದ್ದೆನಪ್ಪಾ" ಅಂದಳು. ಹಾಗೆ ಹೇಳಿ ತನ್ನ ಕುತ್ತಿಗೆಗೆ ತಾನೇ ಹಗ್ಗ ಕೊಟ್ಟಳು.

ಬೀಗದವನು ಒಳ್ಳೆಯವನೇ. ಒಳ್ಳೆಯವನಾದ್ದರಿಂದಲೇ ತಮ್ಮನಿಗೆ ಫೋನ್ ಮಾಡಿದ. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಪ್ರತಿ ಹಗ್ಗ, ಪ್ರತಿ ಬೋಲ್ಟು ಮೂರು ಸಲ ನೋಡದೆ ಕೈತೊಳೆಯದ ಆಸಾಮಿ. ಇಂಥವನ ಕಿವಿಗೆ ಬೆಂಕಿ ಅನ್ನುವ ಮಾತು ಬಿದ್ದರೆ ಮುಗಿಯಿತು. "ಅಕ್ಕಾ, ಭಾನುವಾರ ಬರ್ತೀನಿ. ಬಟ್ಟೆ ಬರೆ ಕಟ್ಟಿಟ್ಟಿರು. ಇನ್ಮೇಲೆ ನಮ್ಮನೇಲೇ ಇರು. ಹಿಂದಿನ ಕೋಣೆ ಖಾಲಿ ಮಾಡ್ಸಿದೀನಿ" ಅಂದ. ಹಿಂದಿನ ಕೋಣೆ ಅವಳು ಕಂಡದ್ದೇ. ಅದರ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಯಂತ್ರ ಇಡಲು ಅಲ್ಲಿ ಜಾಗವಿಲ್ಲ.

ಅವಳು ವಾದ ಮಾಡಲಿಲ್ಲ, ಯಾಕೆಂದರೆ ಹೆದರಿದ್ದಳು. ಅವರ ದೊಡ್ಡಮ್ಮ ಕೊನೆಗಾಲದಲ್ಲಿ ಹೆತ್ತ ಮಗನನ್ನೇ "ನೀನು ಯಾರ ಮನೆ ಹುಡುಗ?" ಅಂತ ಕೇಳುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ತನ್ನನ್ನು ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಹಲ್ಲಿನ ಡಾಕ್ಟರ ಮುಂದಿನ ಕೋಣೆ, ಉದ್ದ ಇಷ್ಟು, ಅಗಲ ಇಷ್ಟು. ಸಂಗೀತದ ಟೀಚರ ಮನೆಯ ಮೆಟ್ಟಿಲ ಕಿಟಕಿ, ಮೇಲುಗಡೆ ಕಮಾನು. ಮೂವತ್ತೈದು ವರ್ಷದ ಕಿಟಕಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು, ಒಂದೂ ತಪ್ಪುತ್ತಿರಲಿಲ್ಲ. ಮತ್ತೆ ಪಾತ್ರೆ ಯಾಕೆ ಸೀಯಿತು? ಕಿಟಕಿ ನೆನಪಿಟ್ಟುಕೊಂಡು ಒಲೆ ಮರೆಯುವ ತಲೆ ಎಂಥ ತಲೆ ಅಂತ ಒಳಗೊಳಗೇ ಅತ್ತಳು.

ಭಾನುವಾರ ಮಧ್ಯಾಹ್ನ ತಮ್ಮ ಬಂದ. ಗಂಟು ಮೂಟೆ ಬಾಗಿಲಲ್ಲಿ ಕಾಣಲಿಲ್ಲ, ನಾಲ್ಕು ಜೋಳದ ತೆನೆ ಕಂಡವು.

"ಇದೇನಕ್ಕಾ?"

"ಒಂದೇ ಒಂದು ಸಲ ಬೇಯಿಸ್ತೀನಿ, ನೀನು ಕೂತು ನೋಡು. ಸೀದ್ರೆ ನಿನಗಿಂತ ಮುಂದೆ ನಾನೇ ಮೆಟ್ಟಿಲು ಇಳೀತೀನಿ. ಸೀಯದಿದ್ರೆ ನಾನು ಇಲ್ಲೇ."

ತಮ್ಮ ತಲೆ ಕೆರೆದುಕೊಂಡ. ಅಕ್ಕನ ಮಾತು ತೆಗೆದುಹಾಕಿ ಅಭ್ಯಾಸವಿಲ್ಲ, ಒಪ್ಪಲು ಧೈರ್ಯವಿಲ್ಲ. ಕೊನೆಗೆ ಒಪ್ಪಿದ.

ಅವಳು ತೆನೆಯ ಮುಸುಕು ಒಂದೊಂದಾಗಿ ಸುಲಿದಳು. ಹೊರಗಿನ ಒರಟು ಎಲೆ ಬಿಸಾಡಿ, ಒಳಗಿನ ಎಳೆಯ ಎರಡೆಲೆ ತೆಗೆದಿಟ್ಟಳು. ಕಾಳಿನ ಸಂದಿಗಂಟಿದ ಕೂದಲನ್ನು ಒದ್ದೆ ಬೆರಳಿನಿಂದ ಉಜ್ಜಿ ಉಜ್ಜಿ ಬಿಡಿಸಿದಳು. ಪಾತ್ರೆಯ ತಳಕ್ಕೆ ಆ ಎಳೆ ಎಲೆ, ಅದರ ಮೇಲೆ ತೆನೆ, ಮುಳುಗುವಷ್ಟು ನೀರು. ಉಪ್ಪು ಈಗಲೇ ಹಾಕಿದರೆ ಕಾಳು ಬಿರುಸಾಗುತ್ತದೆ ಅಂತ ಅಮ್ಮ ಹೇಳುತ್ತಿದ್ದಳು, ಅದು ಇಳಿಸುವಾಗ. ಮುಚ್ಚಳ ಮುಚ್ಚಿ, ಒಲೆ ಹಚ್ಚಿ, ಇಬ್ಬರೂ ಬಂದು ಹೊಸ್ತಿಲ ಮೇಲೆ ಕೂತರು. ಒಬ್ಬಳಿಗೆ ಅರವತ್ತೆರಡು, ಇನ್ನೊಬ್ಬನಿಗೆ ಐವತ್ತೈದು. ಅಷ್ಟು ಚಿಕ್ಕ ಹೊಸ್ತಿಲಿನಲ್ಲಿ ಇಬ್ಬರೂ ಹಿಡಿಸಿದ್ದೇ ದೊಡ್ಡದು.

ಇವತ್ತು ಎಲ್ಲಿಗೂ ಹೋಗುವುದಿಲ್ಲ ಅಂತ ಅವಳು ಪಣ ತೊಟ್ಟಿದ್ದಳು. ಆದರೆ ಮಧ್ಯಾಹ್ನ ಕೇಳಬೇಕಲ್ಲ. ಮೆಟ್ಟಿಲ ಮೇಲೆ ಬಿಸಿಲು ಮಲಗಿತ್ತು. ಕೆಳಗೆ ಬೀಗದವನು ಕೀಲಿಗೆ ಅರ ಉಜ್ಜುವ ಸದ್ದು ದೂರ ದೂರ ಸರಿಯಿತು. ಒಳಗಿನ ಹಸಿರು ಬಟ್ಟೆ ಗಾಳಿಗೆ ಒಮ್ಮೆ ಉಬ್ಬಿತು, ಅವಳು ಆ ಹಸಿರಿನೊಳಗೆ ಒಂದು ಹೆಜ್ಜೆ ಇಟ್ಟೇ ಬಿಟ್ಟಳು. ಅಲ್ಲಿ ಯಾರೋ ನೀರು ಹೊಯ್ಯುತ್ತಿದ್ದರು, ಯಾರೋ ಹೆಸರು ಹಿಡಿದು ಕೂಗುತ್ತಿದ್ದರು. ಥಟ್ಟನೆ ತೊಡೆ ಚಿವುಟಿಕೊಂಡು ವಾಪಸು ಬಂದಳು. ಉಸಿರೆಳೆದು ಕಾದಳು. ಇನ್ನೂ ಬಂದಿರಲಿಲ್ಲ.

"ಬಂತಲ್ಲಕ್ಕಾ" ಅಂದ ತಮ್ಮ.

ಅವಳು ಮೆಟ್ಟಿಲ ಕಡೆ ನೋಡಿದಳು. ಬೆಕ್ಕು ಬಂತೇನೋ ಅಂದುಕೊಂಡಳು. "ಎಲ್ಲಿ? ಏನು ಬಂತು?"

"ಜೋಳ. ಹೊಸ್ತಿಲಿಗೆ ಬಂತು. ಘಮ್ ಅಂತಿದೆ."

ಅವನ ಮುಖ ಸಪ್ಪಗಾಯಿತು. ಆ ಮಾತನ್ನೂ ಮರೆತಳಲ್ಲ, ಎಲ್ಲಾ ಮುಗೀತು ಅಂದುಕೊಂಡಿರಬೇಕು. ಅವಳು ಎದ್ದವಳೇ ಅಡುಗೆಮನೆಗೆ ನಡೆದಳು. ಮೊದಲು ಒಲೆ ಆರಿಸಿದಳು. ಮುಚ್ಚಳ ತೆಗೆದು ಹಬೆಯೊಳಗೆ ಮುಖ ಇಟ್ಟಳು. ಕೆನ್ನೆ ಬಿಸಿಯಾಯಿತು, ರೆಪ್ಪೆ ಒದ್ದೆಯಾಯಿತು. ವಾಸನೆ ಇಲ್ಲ. ಬಚ್ಚಲಿನ ಸೋಪು ತಂದು ಮೂಸಿದಳು. ಇಲ್ಲ. ಯಂತ್ರಕ್ಕೆ ಬಿಡುವ ಎಣ್ಣೆಯ ಡಬ್ಬಿ ಮೂಸಿದಳು. ಅದೂ ಇಲ್ಲ. ಹಿಂದೆಯೇ ಬಂದ ತಮ್ಮನ ಕೈ ಎತ್ತಿ ಅಂಗಿಯ ಕಂಕುಳಿಗೇ ಮೂಗು ಹಾಕಿದಳು.

"ಅಯ್ಯೋ, ಏನಕ್ಕಾ ಇದು!"

"ಲೋ, ನೀನೂ ನಾರ್ತಿಲ್ಲ ಕಣೋ." ಅವಳು ಗೋಡೆಗೆ ಒರಗಿದಳು, ಅಲ್ಲೇ ಕುಸಿದು ಕೂತು ನಗತೊಡಗಿದಳು. "ನೀನು ನಾರ್ತಿಲ್ಲ ಅಂದ್ಮೇಲೆ ಇನ್ನೇನು ಬೇಕು. ಹೋಗಿರೋದು ಮೂಗು ಕಣೋ, ತಲೆ ಅಲ್ಲ. ಆ ಜ್ವರ ನನ್ನ ಮೂಗು ತಗೊಂಡು ಹೋಗಿದೆ. ನಾನು ಒಲೆ ಮರೀಲಿಲ್ಲ. ಕಾಯ್ತಾ ಕೂತಿದ್ದೆ. ಬರದೇ ಇರೋದನ್ನ ಕಾಯ್ತಾ ಕೂತಿದ್ದೆ."

ಮೂಗು ಹೋಯಿತು ಅಂತ ಇಷ್ಟು ಸಂತೋಷಪಟ್ಟವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಅವಳಿಗೆ ನಗು ತಡೆಯಲಾಗಲಿಲ್ಲ. ತಮ್ಮ ಮಾತ್ರ ಪಕ್ಕದಲ್ಲಿ ಕೂತು ಕಣ್ಣು ಒರೆಸಿಕೊಂಡ. ಅಕ್ಕ ತನ್ನನ್ನು "ನೀನು ಯಾರು?" ಅಂತ ಕೇಳುವ ದಿನಕ್ಕಾಗಿ ಒಂದು ವಾರದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದನಂತೆ. ಆದರೂ ಲಿಫ್ಟಿನವನ ಬುದ್ಧಿ ಎಲ್ಲಿ ಹೋಗುತ್ತದೆ?

"ಅದೆಲ್ಲಾ ಸರಿ. ವಾಸನೆ ಬರದಿದ್ರೆ ಗ್ಯಾಸ್ ಸೋರಿದ್ರೂ ನಿನಗೆ ಗೊತ್ತಾಗಲ್ಲ. ಅದಿನ್ನೂ ಅಪಾಯ."

"ಹಾಗಾದ್ರೆ ಒಲೆ ಬದಲಾಯಿಸು. ನನ್ನ ಮನೆ ಯಾಕೆ ಬದಲಾಯಿಸ್ತೀಯಾ?"

ಅವನು ಒಲೆ ನೋಡಿದ, ಗೋಡೆಯ ಪ್ಲಗ್ಗು ನೋಡಿದ, ಮತ್ತೊಮ್ಮೆ ಒಲೆ ನೋಡಿದ. "ಕರೆಂಟ್ ಒಲೆ ತರ್ತೀನಿ. ಹೊತ್ತಾದ್ರೆ ತಾನೇ ಆರುತ್ತೆ, ಗಂಟೆನೂ ಹೊಡೆಯುತ್ತೆ. ನಾಳೆ ಸಂಜೆ ಹಾಕಿಕೊಡ್ತೀನಿ. ಅಲ್ಲಿವರೆಗೆ ಇದನ್ನ ಮುಟ್ಟಬೇಡ. ಮೂಗಿನ ಡಾಕ್ಟರ ಹತ್ರನೂ ಹೋಗೋಣ." ಹಿಂದಿನ ಕೋಣೆಯ ಮಾತು ಅಲ್ಲಿಗೆ ಬಿತ್ತು.

ಉಪ್ಪು ನೀರಲ್ಲಿ ಅದ್ದಿದ ತೆನೆ ತಟ್ಟೆಯಲ್ಲಿಟ್ಟುಕೊಂಡು ಮತ್ತೆ ಹೊಸ್ತಿಲಿಗೆ ಬಂದರು. ಅವಳ ನಾಲಿಗೆಗೆ ಉಪ್ಪು ತಿಳಿಯಿತು, ಬಿಸಿ ತಿಳಿಯಿತು, ಸಿಹಿ ಒಂಚೂರು. ಅಷ್ಟೇ. ಆಗ ಸಂತೋಷದ ಬೆನ್ನಿಗೇ ದುಃಖ ಬಂತು, ತುಂಬಾ ಬಂತು.

"ಎರಡು ತಿಂಗಳಿಂದ ಜೋಳಕ್ಕೆ ಬೈದೆ ಕಣೋ. ಪಾಪ, ಅದು ಬಂದು ಇಲ್ಲಿ ನಿಂತಿತ್ತು. ನನಗೇ ಕಾಣಲಿಲ್ಲ. ಹೇಗಿತ್ತು ಹೇಳು."

"ಹೇಗಿರುತ್ತೆ? ಜೋಳದ ಥರ ಇತ್ತು."

"ನಿನ್ನ ಮುಖ. ಸರಿಯಾಗಿ ಹೇಳು."

ಅವನು ಕೈಯಲ್ಲಿದ್ದ ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಇಂಥ ಕೆಲಸ ಅವನಿಗೆ ಯಾರೂ ಕೊಟ್ಟಿರಲಿಲ್ಲ. "ಮೊದಲು ಒದ್ದೆ ಹುಲ್ಲು. ಆಮೇಲೆ ಹಾಲು, ಇನ್ನೇನು ಉಕ್ಕುತ್ತೆ ಅನ್ನೋ ಹಾಲು. ಆಮೇಲೆ..." ತೆನೆಯನ್ನು ತಟ್ಟೆಯಲ್ಲಿಟ್ಟ. "ಅಮ್ಮ ಕೆಲಸದಿಂದ ಬಂದು ತಲೆ ಮೇಲೆ ಕೈ ಇಡ್ತಿದ್ಲಲ್ಲ, ಆ ಕೈ. ಬಿಸಿನೀರಲ್ಲಿ ನೆನೆದು ನೆನೆದು ಬಂದ ಕೈ."

ಅವಳು ಕಣ್ಣು ಮುಚ್ಚಿಕೊಂಡಳು. ಹುಲ್ಲಿನ ಮೇಲೆ ನಡೆದಳು, ಹಾಲಿನ ಪಕ್ಕ ನಿಂತಳು. ತಮ್ಮ ಮತ್ತೊಮ್ಮೆ ಹೇಳಿದ, ಕೇಳಿದ್ದಕ್ಕೆ ಮೂರನೇ ಸಲವೂ ಹೇಳಿದ. ಮೆಟ್ಟಿಲ ಮೇಲಿನ ಬಿಸಿಲು ಒಂದೊಂದೇ ಮೆಟ್ಟಿಲು ಇಳಿದು ಹೋಯಿತು. ಬೀಗದವನು ಅಂಗಡಿ ಬಾಗಿಲೆಳೆದ.

"ಈಗಲೂ ಇದೆಯಾ?" ಅಂತ ಕೇಳಿದಳು.

ಕಿಟಕಿ ಪೂರ್ತಿ ತೆರೆದಿತ್ತು, ಗಾಳಿ ಬೀಸುತ್ತಿತ್ತು. ಉಳಿದ ತೆನೆಗಳು ತಣ್ಣಗಾಗಿ ಸುಕ್ಕುಗಟ್ಟಿದ್ದವು. ಇಷ್ಟು ಹೊತ್ತಿಗೆ ಏನೂ ಉಳಿದಿರುವುದಿಲ್ಲ ಅಂತ ಜೋಳ ಬೇಯಿಸಿಯೇ ಕೂದಲು ಹಣ್ಣಾದ ಅವಳಿಗೆ ಗೊತ್ತಿಲ್ಲವಾ?

ತಮ್ಮ ಮೂಗೆತ್ತಿ ಉಸಿರೆಳೆದ. ಇನ್ನೊಮ್ಮೆ ಎಳೆದ.

"ಇದೆ ಅಕ್ಕಾ" ಅಂದ. "ಹೊಸ್ತಿಲಲ್ಲೇ ಇದೆ."

ಅವಳು ಕಣ್ಣು ತೆರೆಯದೆ ಒಂಚೂರು ಆಚೆ ಸರಿದು ಅದಕ್ಕೂ ಜಾಗ ಮಾಡಿಕೊಟ್ಟಳು.