ಭರ್ತಿ ಎಂದರೆ ಏನು

ಕಳೆದ ವಾರ ಅಂಕೋಲೆಯ ಪೇಟೆಯಲ್ಲಿ ಒಣ ಶೆಟ್ಲಿಯ ವಾಸನೆ ಮೂಗಿಗೆ ಬಡಿಯಿತು. ಆ ಸಣ್ಣ ಸಿಗಡಿಯಿಂದ ಉಳಿದವರಿಗೆ ಊಟ ನೆನಪಾಗುತ್ತದೆ, ನನಗೆ ನೆನಪಾದದ್ದು ಇತಿಹಾಸದ ಪ್ರಬಂಧ.

2004ರ ಸುಮಾರಿಗೆ ನಾನು ಕಾರವಾರದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಸೋಮವಾರದೊಳಗೆ ಪ್ರಬಂಧದ ವಿಷಯ ಹೇಳದಿದ್ದರೆ ಮೇಷ್ಟ್ರು ಕೊಟ್ಟದ್ದೇ ಗತಿ: ಉಪ್ಪಿನ ಸತ್ಯಾಗ್ರಹ. ಆಗಲೇ ಐದು ಜನ ಅದನ್ನು ಹಿಡಿದಿದ್ದರು. ನನಗೋ ನನ್ನದೇ ಆದ ವಿಷಯ ಬೇಕೆಂಬ ಹಟ. ಗ್ರಂಥಾಲಯ ಜಾಲಾಡಿ ಸೋತಾಗ ಗೆಳತಿಯೊಬ್ಬಳು ತನ್ನೂರು ಕಿನ್ನರದಲ್ಲಿ ಪಕ್ಕದ ಮನೆಗೆ ಕರೆದೊಯ್ದಳು. ಸೇತುವೆ ಬರುವ ಮೊದಲು ಕಾಳಿ ಹೊಳೆಯಲ್ಲಿ ತಾರಿ ದೋಣಿಯಿಂದ ಜನರನ್ನು ದಾಟಿಸುತ್ತಿದ್ದವರ ಮನೆ ಅದು. ಊರಿಗೆಲ್ಲ ಅವರು ತಾರಿ ಮಾಮ.

ಅಟ್ಟದಲ್ಲಿ ಒಣ ಶೆಟ್ಲಿಯ ಡಬ್ಬದ ಪಕ್ಕ ಇಟ್ಟಿದ್ದ ನೋಟ್‌ಬುಕ್ಕೊಂದನ್ನು ತೆಗೆದುಕೊಟ್ಟರು. ದೋಣಿ ಬಿಟ್ಟ ಹೊತ್ತುಗಳನ್ನು ದಿನವೂ ಬರೆದಿದ್ದರು, ಕೆಲವುಗಳ ಎದುರು ‘ಭರ್ತಿ’ ಎಂದಿತ್ತು. ಆಗೆಲ್ಲ ದೋಣಿಯಲ್ಲಿ ಜನ ತುಂಬಿದ್ದರು ಎಂದುಕೊಂಡು ಎರಡು ದಿನ ಕೂತು ಪುಟಗಟ್ಟಲೆ ಗೀಚಿದೆ. ಭಾನುವಾರ ಅದನ್ನು ಜಂಬದಿಂದ ಅವರಿಗೆ ಓದಿ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು.

“ಅದು ದೋಣಿ ಭರ್ತಿ ಅಲ್ಲ ತಂಗಿ, ಹೊಳೆ ಭರ್ತಿ! ಭಾವಿಕೇರಿ ಹುಡ್ಗಿಯಾಗಿ ಇಷ್ಟೂ ತಿಳೂದಿಲ್ವಾ?”

ತಿಳಿಯದೆ ಏನು, ಸಮುದ್ರದ ಉಬ್ಬರಕ್ಕೆ ಹೊಳೆಯ ನೀರು ಏರುವುದಕ್ಕೆ ಅಂಕೋಲೆ ಬದಿಯ ನಮ್ಮೂರಲ್ಲೂ ಭರ್ತಿ ಎಂದೇ ಅನ್ನುತ್ತಿದ್ದರು. ಆದರೆ ಕಾಗದದ ಮೇಲೆ ಕಂಡದ್ದೇ ತಡ, ನನ್ನ ಓದಿದ ತಲೆಗೆ ‘ತುಂಬಿದೆ’ ಎಂಬ ಪುಸ್ತಕದ ಅರ್ಥವೇ ಹೊಳೆದಿತ್ತು. ಬೆಳಗಾದರೆ ಸೋಮವಾರ. ಅಳುವೇ ಬಂತು.

ಅವರು ನಗು ನಿಲ್ಲಿಸಿ ಪಕ್ಕದಲ್ಲಿ ಕೂರಿಸಿಕೊಂಡರು. “ಇಳ್ತ ಇದ್ರೆ ದೋಣಿ ಮೆಟ್ಲಿಗೆ ತಾಗೂದಿಲ್ಲ, ಮೊಣಕಾಲ್ವರೆಗೆ ಕೆಸರು. ಮದ್ವೆ ದಿಬ್ಬಣ ಸೈತ ಭರ್ತಿ ನೋಡ್ಕಂಡೇ ಹೊರಡ್ತಿತ್ತು. ಭಟ್ರ ಮುಹೂರ್ತ ಏನಾದ್ರೂ ಇರ್ಲಿ...”

ಸಂತೆಗೆ ಹೋಗುವವರು, ಶಾಲೆಯ ಮಕ್ಕಳು, ತುಂಬು ಬಸುರಿಯರು... ಸಂಜೆಯವರೆಗೆ ಹೇಳುತ್ತಲೇ ಇದ್ದರು, ನಾನು ಬರೆದುಕೊಳ್ಳುತ್ತಲೇ ಇದ್ದೆ. ಹೊಳೆಯ ಏರಿಳಿತವೇ ಈ ಜನರ ಗಡಿಯಾರವಾಗಿತ್ತೆಂಬುದು ನನ್ನ ವಿಷಯವಾಯಿತು. ಮೇಷ್ಟ್ರು ಒಪ್ಪಿದರು.

ಆ ಪ್ರಬಂಧದಿಂದಲೇ ನನಗೆ ಇತಿಹಾಸದ ರುಚಿ ಹತ್ತಿತು, ಇಂದು ಅದನ್ನೇ ಕಲಿಸುತ್ತೇನೆ. ತಾರಿ ಮಾಮ ತೀರಿಕೊಂಡು ಬಹಳ ವರ್ಷಗಳಾದವು. ಅವರ ಋಣ ದೊಡ್ಡದು. ವಿಷಯ ಸಿಗದೆ ಪರದಾಡುವ ಮಕ್ಕಳಿಗೆ ಈ ಕತೆ ಹೇಳಿ ನನ್ನ ದಡ್ಡತನಕ್ಕೆ ನಾನೇ ನಗುತ್ತೇನೆ. ಆ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೇಷ್ಟ್ರಿದ್ದಾರೆ, ಗ್ರಂಥಪಾಲಕರಿದ್ದಾರೆ, ತಾರಿ ಮಾಮ ಮಾತ್ರ ಇಲ್ಲ. ಬರೆದರೆ ನನ್ನ ತಪ್ಪು ಹೊರಬಿದ್ದೀತೆಂದು ಅಂದು ಬಿಟ್ಟಿದ್ದೆ.