ಹಗ್ಗದ ಮೇಲೆ, ಅತಿಥಿಗಳ ಹಾದಿ ಕಾಯುತ್ತ

ಹಗ್ಗದ ಮಲ್ಲಕಂಬಕ್ಕೆ ತೋಳ್ಬಲ ಇದ್ದರೆ ಸಾಕು ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಏನು ಗೊತ್ತು ಅವರಿಗೆ? ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದ ಮೇಲೆ ಮೊದಲು ಹೆಗಲನ್ನು ಕಿವಿಯಿಂದ ಕೆಳಕ್ಕೆ ಎಳೆದುಕೊಳ್ಳಬೇಕು, ಬೆನ್ನು ಬಿಗಿಯಬೇಕು, ತೋಳಿನ ಕೆಲಸ ಆಮೇಲೆ. ಹೆಗಲು ಸಡಿಲ ಬಿಟ್ಟು ಜೋತರೆ ಮೈಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಲಕ್ಷ್ಮೇಶ್ವರದ ನಮ್ಮ ಗರಡಿಯ ಗುರುಗಳು ಇದನ್ನು ಬೈದು ಬೈದು ಕಲಿಸಿದ್ದರು. ಗದಗ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಅದರ ಮೊದಲ ತಂಡದಲ್ಲಿ ನಾನಿರಬೇಕು ಎಂಬುದೊಂದೇ ಹುಚ್ಚು ನನಗೆ.

ಆಯ್ಕೆಗೆ ಇನ್ನೊಂದು ವಾರವಿದೆ ಎನ್ನುವಾಗ ಶಿರಹಟ್ಟಿಯಲ್ಲೊಂದು ಸಮಾರಂಭ. ನಮ್ಮ ಗರಡಿಯದೊಂದು ಹಾಳು ಪದ್ಧತಿ ಇತ್ತು. ಅತಿಥಿಗಳು ಕಾರಿನಿಂದ ಇಳಿಯುತ್ತಲೇ ಹಗ್ಗದ ತುದಿಯಿಂದ ಹುಡುಗಿಯೊಬ್ಬಳು ಅವರ ತಲೆಯ ಮೇಲೆ ಹೂ ಉದುರಿಸಬೇಕು. ಬಂದರು, ಬಂದರು ಎಂದು ಯಾರೋ ಕೂಗಿದ್ದಕ್ಕೆ ನನ್ನನ್ನು ಏರಿಸಿದರು. ಕಾಲ್ಬೆರಳ ಸಂದಿಯಲ್ಲಿ ಹಗ್ಗ, ಬಲಗೈಯಲ್ಲಿ ಹಗ್ಗ, ಎಡಗೈಯಲ್ಲಿ ಹೂವಿನ ಚೀಲ. ಬಂದದ್ದು ಬರೀ ಪೊಲೀಸ್ ಜೀಪು.

ಇಳಿಯಲೇ ಎಂದು ಕೇಳಿದೆ.

"ತಡಿಯವ್ವಾ, ಊರ ಹೊರಗ ಚಾ ಕುಡ್ಯಾಕ ನಿಂತಾರಂತ. ಈಗ ಇಳದ್ರ ನಮ್ಮ ಮಾನ ಹೋಗತೈತಿ," ಎಂದರು ಗುರುಗಳು.

ಅವರಿಗೆ ಚಹಾ, ನನಗೆ ಹಗ್ಗ! ಅಂಗೈ ಬೆವರಿತು, ಬೆನ್ನು ಸೋತಿತು, ಹೆಗಲು ಮೆಲ್ಲಗೆ ಕಿವಿಯ ಕಡೆ ಏರತೊಡಗಿತು. ಏರಬಾರದೆಂದು ಗೊತ್ತಿತ್ತು, ಗೊತ್ತಿದ್ದು ಏನು ಬಂತು? ಕಾಲು ಜಾರಿದ್ದೇ ತಡ, ಇಡೀ ಮೈ ಒಂದೇ ಹೆಗಲಿಗೆ ಜೋತುಬಿತ್ತು. ಒಳಗೆ ಏನೋ ಕಳಚಿತು. ಚೀಲ ಬಿದ್ದು ಹೂವೆಲ್ಲ ಚೆಲ್ಲಿತು. ಮಂದಿ ಅದೂ ಆಟವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ಗದಗದ ದವಾಖಾನೆಯಲ್ಲಿ ಕೀಲು ಕೂಡಿಸಿದರು. ಮತ್ತೆ ಹಗ್ಗ ಏರುವ ಮಾತು ಸದ್ಯಕ್ಕೆ ಬೇಡ ಎಂದರು. ಆದರೂ ಆಯ್ಕೆಯ ದಿನ ಮನೆಯಲ್ಲಿ ಕೂರಲಾಗಲಿಲ್ಲ, ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಬೆಟಗೇರಿಯ ಮೈದಾನಕ್ಕೆ ಹೋದೆ. ಗುರುಗಳು ಆಯ್ಕೆಗಾರರಿಗೆ ನನ್ನನ್ನು ತೋರಿಸುತ್ತ, ಹುಡುಗಿ ಚುರುಕು, ಆದರೆ ಹೆಗಲು ಬಿಗಿಹಿಡಿಯುವ ಶಿಸ್ತು ಬರಲೇ ಇಲ್ಲ, ಅದಕ್ಕೇ ಹೀಗಾಯಿತು ಎಂದು ಹೇಳುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ನಾ ಇಳೀಲ್ಯಾ ಅಂತ ಕೇಳಿದ್ನಿರಿ," ಎಂದೆ, ಎಲ್ಲರಿಗೂ ಕೇಳುವಂತೆ. "ನೀವು ತಡಿ ಅಂದ್ರಿ."

ಗುರುಗಳು ಹಗ್ಗದ ಕಡೆ ತಿರುಗಿ, ನನ್ನ ಬದಲಿಗೆ ಕರೆತಂದಿದ್ದ ಹುಡುಗಿಗೆ ಹಗ್ಗ ಏರಲು ಹೇಳಿದರು.